ಎರಡು ಸಾವು, ತಿರುವು ಯಾವುದು?

ಪ್ರಶ್ನೆ: ಶೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ನಮಗೆ ಪಠ್ಯ. ಮೂರನೇ ಅಂಕದ ಮೊದಲ ದೃಶ್ಯವೇ ನಾಟಕದ ತಿರುವು ಎನ್ನುತ್ತಾರೆ. ಅಲ್ಲಿ ಮರ್ಕ್ಯುಶಿಯೊ, ಟಿಬಾಲ್ಟ್ ಇಬ್ಬರೂ ಸಾಯುತ್ತಾರೆ. ಯಾವುದು ತಿರುವು? ಈ ದೃಶ್ಯವನ್ನು ಹೇಗೆ ಓದಬೇಕು?
– ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಟಿಬಾಲ್ಟನ ಸಾವು. ಅವನು ಜೂಲಿಯೆಟಳ ಬಂಧು, ರೋಮಿಯೊನ ಮನೆತನಕ್ಕೆ ವೈರಿಯಾದ ಕ್ಯಾಪುಲೆಟ್ ಮನೆತನದವನು. ಗೆಳೆಯ ಮರ್ಕ್ಯುಶಿಯೊ ಸತ್ತಾಗಲೂ ರೋಮಿಯೊನ ಕೈಗೆ ರಕ್ತ ಅಂಟಿರಲಿಲ್ಲ. ಅಲ್ಲಿಂದ ಸುಮ್ಮನೆ ಹೊರಟಿದ್ದರೆ ಅವನು ಅಪರಾಧಿಯಾಗುತ್ತಿರಲಿಲ್ಲ. ಟಿಬಾಲ್ಟನನ್ನು ಕೊಂದದ್ದಕ್ಕೇ ವೆರೋನಾದಿಂದ ಗಡಿಪಾರು. ಮುಂದಿನದೆಲ್ಲ ಆ ಗಡಿಪಾರಿನಿಂದ ಹುಟ್ಟುತ್ತದೆ.

ದೃಶ್ಯವನ್ನು ಮೂರು ಸಲ ಓದಿ. ಮೊದಲ ಸಲ, ಯಾರಿಗೆ ಏನು ಗೊತ್ತು ಎಂಬುದನ್ನಷ್ಟೇ ಅಂಚಿನಲ್ಲಿ ಬರೆಯುತ್ತಾ ಹೋಗಿ. ರೋಮಿಯೊ–ಜೂಲಿಯೆಟರ ಗುಟ್ಟಿನ ಮದುವೆಯಾಗಿ ಒಂದು ಗಂಟೆಯಷ್ಟೇ ಕಳೆದಿದೆ. ರಂಗದ ಮೇಲಿರುವವರಲ್ಲಿ ಅದು ಗೊತ್ತಿರುವುದು ರೋಮಿಯೊ ಒಬ್ಬನಿಗೇ. ಟಿಬಾಲ್ಟ್ ನೀಚ ಎಂದು ಬೈದರೂ ಅವನು ಪ್ರೀತಿಯಿಂದ ಉತ್ತರಿಸುತ್ತಾನೆ, ಕ್ಯಾಪುಲೆಟ್ ಎಂಬ ಹೆಸರು ನನ್ನ ಹೆಸರಿನಷ್ಟೇ ಪ್ರಿಯ ಎನ್ನುತ್ತಾನೆ. ಅದು ಹೊಸ ನೆಂಟನ ಮಾತೆಂದು ಪ್ರೇಕ್ಷಕರಿಗೆ ತಿಳಿಯುತ್ತದೆ. ಮರ್ಕ್ಯುಶಿಯೊಗೆ ಮಾತ್ರ ಅದು ಹೇಡಿಯ ಶರಣಾಗತಿ. ಅವನನ್ನು ರೊಚ್ಚಿಗೆಬ್ಬಿಸುವುದು ಟಿಬಾಲ್ಟನ ಬೈಗುಳಕ್ಕಿಂತ ಗೆಳೆಯನ ಈ ಸಮಾಧಾನ. ದೃಶ್ಯದ ಕೀಲಿರುವುದು ಇಲ್ಲೇ.

ಎರಡನೇ ಸಲ, ಪ್ರತಿ ನಿರ್ಧಾರದ ಪಕ್ಕ ಒಂದೊಂದು ಅಂಕಿ ಹಾಕಿ. 1, ಮರ್ಕ್ಯುಶಿಯೊ ಟಿಬಾಲ್ಟನನ್ನು ಕಾಳಗಕ್ಕೆ ಕರೆಯುತ್ತಾನೆ. 2, ಬಿಡಿಸಲೆಂದು ರೋಮಿಯೊ ನಡುವೆ ನುಗ್ಗುತ್ತಾನೆ. ಅವನ ತೋಳಿನಡಿಯಿಂದಲೇ ಕತ್ತಿ ಮರ್ಕ್ಯುಶಿಯೊನನ್ನು ಇರಿಯುತ್ತದೆ. 3, ಓಡಿಹೋದ ಟಿಬಾಲ್ಟ್ ಮರಳಿ ಬರುತ್ತಾನೆ. 4, ರೋಮಿಯೊ ತಾಳ್ಮೆಯನ್ನು ಬಿಸುಟು ಹೋರಾಡುತ್ತಾನೆ. ನಾಲ್ಕೂ ಮನುಷ್ಯರ ನಿರ್ಧಾರಗಳೇ. ಬಹಳ ಮಂದಿ ‘ಇದು ವಿಧಿಯಾಟ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ತಾನು ಅದೃಷ್ಟದ ಕೈಗೊಂಬೆ ಎಂದು ರೋಮಿಯೊ ಕೂಗುವುದು ನಿಜ, ಆದರೆ ಅದು ಆ ಗಳಿಗೆಯಲ್ಲಿ ಅವನಿಗೆ ಅನ್ನಿಸಿದ್ದು. ಅದನ್ನೇ ನಾಟಕದ ತೀರ್ಪೆಂದು ಬರೆದರೆ ಉತ್ತರ ಸೊರಗುತ್ತದೆ.

ರೋಮಿಯೊನ ಬಂಧು ಬೆನ್ವೋಲಿಯೊ ದೊರೆಗೆ ಹೇಳುವ ಸಾಕ್ಷಿಯನ್ನು ಈ ಅಂಕಿಗಳೊಂದಿಗೆ ಹೋಲಿಸಿ ನೋಡಿ. ಮರ್ಕ್ಯುಶಿಯೊ ಮೊದಲು ಕರೆದದ್ದನ್ನು ಅವನು ನುಂಗಿಕೊಂಡು, ತಪ್ಪನ್ನು ಟಿಬಾಲ್ಟನ ತಲೆಗೆ ಕಟ್ಟುತ್ತಾನೆ. ಪರೀಕ್ಷೆಯ ಉತ್ತರಗಳಲ್ಲಿ ಇದು ಅಪರೂಪಕ್ಕೆ ಕಾಣುವ ಅಂಶ, ತಪ್ಪದೆ ಬರೆಯಿರಿ.

ಮೂರನೇ ಸಲ ಗಟ್ಟಿಯಾಗಿ ಓದಿ. ರೋಮಿಯೊ ಮಾತಾಡುವುದು ನಮ್ಮ ಸರಳ ರಗಳೆಗೆ ಹತ್ತಿರವಾದ ಪ್ರಾಸವಿಲ್ಲದ ಪದ್ಯದಲ್ಲಿ. ಮರ್ಕ್ಯುಶಿಯೊನ ತಮಾಷೆ ಹೆಚ್ಚಾಗಿ ಗದ್ಯ. ಸಾಯುವಾಗಲೂ ಗದ್ಯದಲ್ಲೇ, ಗೋರಿ ಎಂಬ ಪದದ ಮೇಲೆ ಶ್ಲೇಷೆ ಮಾಡುತ್ತಲೇ, ಎರಡೂ ಮನೆತನಗಳನ್ನು ಶಪಿಸುತ್ತಾನೆ. ಅಲ್ಲಿಯವರೆಗೆ ಅರ್ಧ ಹಾಸ್ಯದಂತೆ ಸಾಗಿದ್ದ ನಾಟಕದ ದನಿಯೇ ಬದಲಾಗುತ್ತದೆ. ಕಥೆ ತಿರುಗುವುದು ಟಿಬಾಲ್ಟನ ಸಾವಿನಿಂದಾದರೆ, ದನಿ ತಿರುಗುವುದು ಮರ್ಕ್ಯುಶಿಯೊನ ಸಾವಿನಿಂದ. ಉತ್ತರದಲ್ಲಿ ಎರಡಕ್ಕೂ ಜಾಗ ಕೊಡಿ.

ಸಾಲಿನ ಸಂಖ್ಯೆ ಕೊಡುವಾಗ ಎಚ್ಚರ. 1597 ಮತ್ತು 1599ರ ಮೊದಲ ಮುದ್ರಣಗಳಲ್ಲಿ ಅಂಕ–ದೃಶ್ಯಗಳ ವಿಂಗಡಣೆಯೇ ಇರಲಿಲ್ಲ. ಈಗಿನ ಆವೃತ್ತಿಗಳಲ್ಲೂ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಯಾವ ಆವೃತ್ತಿ ಎಂದು ಬರೆಯಿರಿ.

ಪ್ರಶ್ನೆ: ಪಾದ್ರಿಯ ಪತ್ರ ರೋಮಿಯೊಗೆ ತಲುಪದೇ ಹೋದದ್ದು ತಿರುವಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. ಜೂಲಿಯೆಟ್ ಸತ್ತಂತೆ ನಟಿಸುವ ಉಪಾಯವನ್ನು ತಿಳಿಸುವ ಆ ಪತ್ರ ಒಯ್ಯಬೇಕಿದ್ದ ಪಾದ್ರಿ ಜಾನ್, ಪ್ಲೇಗ್ ಶಂಕೆಯಿಂದ ಬಾಗಿಲು ಮುಚ್ಚಿಸಿದ ಮನೆಯಲ್ಲಿ ಸಿಕ್ಕಿಬೀಳುತ್ತಾನೆ. ಇದು ಐದನೇ ಅಂಕದಲ್ಲಿ ತಿಳಿಯುತ್ತದೆ. ಆ ಹೊತ್ತಿಗೆ ಜೂಲಿಯೆಟ್ ಸತ್ತಂತೆ ಮಲಗಿಸುವ ಔಷಧಿ ಕುಡಿದಾಗಿದೆ. ಗಡಿಪಾರಾಗದಿದ್ದರೆ ರೋಮಿಯೊ ಮಾಂಟುವಾದಲ್ಲಿ ಇರುತ್ತಿರಲಿಲ್ಲ, ಅಲ್ಲಿಗೆ ಪತ್ರ ಬರೆಯುವ ಪ್ರಮೇಯವೂ ಇರುತ್ತಿರಲಿಲ್ಲ.