ಪಬ್ಲಿಕ್ ಪಾಲಿಸಿ ಸೆಂಟರ್‌ನಲ್ಲಿ ಬೇಸಿಗೆ ಇಂಟರ್ನ್‌ಶಿಪ್: ಕನ್ನಡ ಮಾಧ್ಯಮದಲ್ಲಿ ಓದಿದವರು ಅರ್ಜಿ ಹಾಕಬಹುದಾ?

ದಾವಣಗೆರೆಯಲ್ಲಿ ಬಿಎ ಎರಡನೇ ವರ್ಷ ಓದುತ್ತಿದ್ದೇನೆ, ಪಿಯುಸಿವರೆಗೂ ಕನ್ನಡ ಮಾಧ್ಯಮ, ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದು ಬರೆದಿದ್ದೀರಿ. ಬೆಂಗಳೂರಿನ ಕಾಲೇಜಿನ ಪಾಲಿಸಿ ಸೆಂಟರ್‌ಗೆ, ಅಂದರೆ ಸರ್ಕಾರದ ನೀತಿ, ಯೋಜನೆಗಳನ್ನು ಅಧ್ಯಯನ ಮಾಡುವ ಕೇಂದ್ರಕ್ಕೆ, ಅರ್ಜಿ ಹಾಕಲಾ, ಅಲ್ಲಿ ಏನು ಕೆಲಸ ಕೊಡ್ತಾರೆ ಎಂದು ಕೇಳಿದ್ದೀರಿ. ಖಂಡಿತ ಹಾಕಿ. ನಾನೂ ನಿಮ್ಮ ಹಾಗೇ ಹೋದವಳು. ನನ್ನ ಅನುಭವ ಹೇಳುತ್ತೇನೆ, ಅದರಲ್ಲೇ ಉತ್ತರ ಸಿಗಬಹುದು.

2024ರ ಬೇಸಿಗೆಯಲ್ಲಿ ಎಂಟು ವಾರ ಕೆಲಸ ಮಾಡಿದೆ. ನಮಗೆ ಕೊಟ್ಟ ವಿಷಯ ಶಕ್ತಿ ಯೋಜನೆ. 2023ರ ಜೂನ್ 11ರಂದು ಶುರುವಾಗಿತ್ತಲ್ಲ, ಒಂದು ವರ್ಷ ಆಗುತ್ತಾ ಬಂದಿತ್ತು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅವರ ಓಡಾಟ ಹೇಗೆ ಬದಲಾಗಿದೆ ಎಂದು ನೋಡಬೇಕಿತ್ತು.

ಮೊದಲ ಎರಡು ವಾರ ಬರೀ ಓದು. ಸರ್ಕಾರದ ಆದೇಶ, ಬಜೆಟ್ ಪುಸ್ತಕ, ಹಳೆಯ ವರದಿಗಳು. ನಿಜ ಹೇಳಬೇಕೆಂದರೆ ಬೇಜಾರಾಗಿತ್ತು. ಆದರೆ ಆದೇಶವನ್ನು ಸಾಲು ಸಾಲಾಗಿ ಓದುವ ಅಭ್ಯಾಸ ಆಗಲೇ ಬಂತು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಯೋಜನೆ ಇಲ್ಲ, ಹೊರ ರಾಜ್ಯಕ್ಕೆ ಹೋಗುವ ಬಸ್ಸಿಗೆ ಇಲ್ಲ, ಖಾಸಗಿ ಬಸ್ಸಿಗಂತೂ ಇಲ್ಲವೇ ಇಲ್ಲ. ಇದೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ ಅನ್ನಿಸುತ್ತದೆ, ಅಲ್ವಾ? ಇದು ಎಷ್ಟು ದೊಡ್ಡ ವಿಷಯ ಎಂದು ಊರಿಗೆ ಹೋದಾಗಲೇ ನನಗೆ ತಿಳಿದದ್ದು.

ಮೇ ತಿಂಗಳಲ್ಲಿ ನಾಲ್ಕು ಜನರನ್ನು ಮಧುಗಿರಿ ಕಡೆ ಕಳಿಸಿದರು. ಲೋಕಸಭೆ ಚುನಾವಣೆಯ ಸಮಯ. ತುಮಕೂರಲ್ಲಿ ಏಪ್ರಿಲ್ 26ಕ್ಕೇ ಮತದಾನ ಮುಗಿದಿದ್ದರೂ, ಬಸ್ ಸ್ಟ್ಯಾಂಡಲ್ಲಿ ಹಾಳೆ ಹಿಡಿದು ನಿಂತರೆ ಎಲ್ಲರದ್ದೂ ಒಂದೇ ಪ್ರಶ್ನೆ: 'ಯಾವ ಪಕ್ಷದೋರಮ್ಮ ನೀವು?' ಕಾಲೇಜಿನ ಐಡಿ ಕಾರ್ಡ್ ತೋರಿಸಿ, ಹೆಸರು ಬರೆದುಕೊಳ್ಳುವುದಿಲ್ಲ ಎಂದು ಹೇಳಿ, ಅವರು ಹೂಂ ಅಂದ ಮೇಲೆ ಕೂತು ಮಾತಾಡಬೇಕು. ಬೇಡ ಅಂದರೆ ನಮಸ್ಕಾರ ಹೇಳಿ ಮುಂದೆ ಹೋಗಬೇಕು.

ಇಲ್ಲೇ ನೋಡಿ ಕನ್ನಡ ಕೆಲಸಕ್ಕೆ ಬಂದದ್ದು. ನಮ್ಮ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಂದಿದ್ದರು. 'ನಿಮ್ಮ ಚಲನಶೀಲತೆ ಹೆಚ್ಚಾಗಿದೆಯೇ?' ಎಂದು ಒಂದು ಪ್ರಶ್ನೆ. ಸೊಪ್ಪು ಮಾರಿ ಊರಿಗೆ ಹೊರಟ ಅಜ್ಜಿಗೆ ಇದು ಹೇಗೆ ಅರ್ಥವಾಗಬೇಕು? ಅವತ್ತು ರಾತ್ರಿ ಲಾಡ್ಜಿನಲ್ಲಿ ಕೂತು ನಾನೇ ಪ್ರಶ್ನೆಗಳನ್ನು ತಿದ್ದಿದೆ. ಹೋದ ವಾರ ಎಲ್ಲೆಲ್ಲಿಗೆ ಹೋಗಿದ್ರಿ? ಚಾರ್ಜ್ ಕೊಡಬೇಕಾಗಿದ್ದಿದ್ರೆ ಅದರಲ್ಲಿ ಯಾವುದಕ್ಕೆ ಹೋಗ್ತಿರಲಿಲ್ಲ? ಉಳಿದ ದುಡ್ಡು ಯಾರ ಕೈಲಿರುತ್ತೆ? ಗೈಡ್ ಮೇಡಂ ಫೋನಿನಲ್ಲೇ ಒಪ್ಪಿದರು. ಮಾರನೇ ದಿನದಿಂದ ಉತ್ತರಗಳೇ ಬೇರೆ. ತವರಿಗೆ ಹೋಗಿದ್ದು, ಜಿಲ್ಲಾಸ್ಪತ್ರೆಗೆ ಹೋಗಿದ್ದು, ಮಗಳ ಬಾಣಂತನಕ್ಕೆ ವಾರಕ್ಕೆರಡು ಸಲ ಓಡಾಡಿದ್ದು, ಎಲ್ಲ ಹೊರಗೆ ಬಂತು. ಮೂರನೇ ಪ್ರಶ್ನೆಗೆ ಮಾತ್ರ ಕೆಲವರು ಅಕ್ಕಪಕ್ಕ ನೋಡಿ ಸುಮ್ಮನಾಗುತ್ತಿದ್ದರು. ಗಂಡ ಅಥವಾ ಮಗ ಪಕ್ಕದಲ್ಲಿದ್ದರೆ ಅದನ್ನು ಕೇಳುವುದನ್ನೇ ಬಿಟ್ಟೆವು.

ಇನ್ನೊಂದು ವಿಷಯ ನನಗೆ ಇವತ್ತಿಗೂ ಕಾಡುತ್ತದೆ. ಐದು ದಿನ ನಾವು ಬಸ್ ಸ್ಟ್ಯಾಂಡಲ್ಲೇ ಕೇಳಿದೆವು. ಆರನೇ ದಿನ ಮೇಡಂ ಬಂದು, 'ಬಸ್ಸು ಹತ್ತಿದವರನ್ನ ಕೇಳಿದ್ರಿ, ಬಸ್ಸೇ ಹತ್ತದವರು ಎಲ್ಲಿದ್ದಾರೆ?' ಎಂದರು. ಆಮೇಲೆ ಸರ್ಕಾರಿ ಬಸ್ಸು ಬಾರದ ಎರಡು ಊರಿಗೆ ಹೋದೆವು. ಆ ಕಡೆ ಖಾಸಗಿ ಬಸ್ಸೇ ಜಾಸ್ತಿ. ಅಲ್ಲಿನ ಹೆಂಗಸರು ಹಿಂದಿನಂತೆ ದುಡ್ಡು ಕೊಟ್ಟೇ ಓಡಾಡುತ್ತಿದ್ದರು. ನಮ್ಮ ಹಾಳೆಯಲ್ಲಿ ಅವರು ಇರಲೇ ಇಲ್ಲ! ಉಡುಪಿ, ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸುಗಳು ಎಷ್ಟಿವೆ ಎಂದು ಯೋಚಿಸಿ, ಇದೇ ಪ್ರಶ್ನೆ ಅಲ್ಲಿ ಇನ್ನೂ ದೊಡ್ಡದು. ಟಿಕೆಟ್ ಲೆಕ್ಕವೂ ಹಾಗೇ. ಕಂಡಕ್ಟರ್ ಕೊಡುವ ಶೂನ್ಯ ದರದ ಟಿಕೆಟ್ ಮೇಲೆ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ಕೊಡುತ್ತದೆ. ಇಷ್ಟು ಕೋಟಿ ಪ್ರಯಾಣ ಎಂದು ಪೇಪರಿನಲ್ಲಿ ಬರುವುದು ಆ ಟಿಕೆಟ್‌ಗಳ ಲೆಕ್ಕ. ಒಬ್ಬಳೇ ಹೆಂಗಸು ಹೋಗುವಾಗ ಎರಡು ಬಸ್ಸು, ಬರುವಾಗ ಎರಡು ಬಸ್ಸು ಹತ್ತಿದರೆ ನಾಲ್ಕು ಟಿಕೆಟ್. ಪಾಲಿಸಿ ಕೆಲಸ ಎಂದರೆ ಏನು ಎಂದು ಕೇಳಿದ್ದೀರಲ್ಲ, ನನ್ನ ಮಟ್ಟಿಗೆ ಇದೇ. ಒಂದು ಅಂಕಿ ಕಂಡರೆ ಅದರಲ್ಲಿ ಯಾರು ಎರಡು ಸಲ ಬಂದಿದ್ದಾರೆ, ಯಾರು ಬಂದೇ ಇಲ್ಲ ಎಂದು ಹುಡುಕುವುದು.

ಕೊನೆಯ ಎರಡು ವಾರ ಬರವಣಿಗೆ. ಎಲ್ಲವನ್ನೂ ಎರಡು ಪುಟಕ್ಕೆ ಇಳಿಸಬೇಕು. ನನ್ನ ಕರಡು ನಾಲ್ಕು ಸಲ ವಾಪಸ್ ಬಂತು. ಇದನ್ನು ಓದಿದ ಅಧಿಕಾರಿ ನಾಳೆ ಬೆಳಿಗ್ಗೆ ಏನು ಮಾಡಬೇಕು ಎನ್ನುವುದು ಅದರಲ್ಲಿ ಇಲ್ಲ ಎಂದರು ಮೇಡಂ. ಐದನೇ ಸಲ ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತಂದೆ. ಆಗ ಒಪ್ಪಿದರು. ನೀವೂ ಹೀಗೇ ಮಾಡಿ. ಇಂಗ್ಲಿಷ್ ತಿದ್ದಲು ಜನ ಸಿಗುತ್ತಾರೆ, ಯೋಚನೆಯನ್ನು ಬೇರೆಯವರು ತಿದ್ದಿಕೊಡಲು ಆಗುವುದಿಲ್ಲ.

ದುಡ್ಡಿನ ವಿಷಯ ನಾಚಿಕೆ ಬಿಟ್ಟು ಮೊದಲೇ ಕೇಳಿ. ನನಗೆ ಸ್ಟೈಪೆಂಡ್ ಬಂದದ್ದು ಕೆಲಸ ಮುಗಿದು ಎರಡು ತಿಂಗಳಾದ ಮೇಲೆ. ಪಿಜಿ ಬಾಡಿಗೆ, ಊಟ ಎಲ್ಲ ಅಪ್ಪನ ಕೈಯಿಂದಲೇ ಹೋಯಿತು, ಅವರಿಗೆ ಅದು ಸುಲಭ ಇರಲಿಲ್ಲ. ಎಷ್ಟು ಕೊಡುತ್ತಾರೆ, ಯಾವಾಗ ಕೊಡುತ್ತಾರೆ, ಫೀಲ್ಡ್ ಖರ್ಚು ಯಾರದ್ದು, ಹಾಸ್ಟೆಲ್ ಸಿಗುತ್ತಾ, ವರದಿಯಲ್ಲಿ ನಿಮ್ಮ ಹೆಸರು ಹಾಕುತ್ತಾರಾ, ಇಷ್ಟನ್ನೂ ಮೇಲ್‌ನಲ್ಲಿ ಕೇಳಿ. ಎಂಟು ವಾರವೂ ಕಂಪ್ಯೂಟರ್ ಮುಂದೆ ಕೂರಿಸಿ ಸೋಷಿಯಲ್ ಮೀಡಿಯಾ ಪೋಸ್ಟ್ ಮಾಡಿಸುವ ಕಡೆ ಹೋಗಬೇಡಿ. ಫೀಲ್ಡಿಗೆ ಕಳಿಸ್ತಾರಾ ಎಂದು ಒಂದು ಮಾತು ಕೇಳಿದರೆ ಗೊತ್ತಾಗುತ್ತದೆ.

ಬೆಂಗಳೂರು ಒಂದೇ ಅಲ್ಲ ಎನ್ನುವುದೂ ನೆನಪಿರಲಿ. ಬೆಂಗಳೂರಿನ ನಾಗರಭಾವಿಯಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಐಸೆಕ್ ಎಂಬ ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆ ಇದೆ, ಐಐಎಂನಲ್ಲಿ ಪಬ್ಲಿಕ್ ಪಾಲಿಸಿ ಸೆಂಟರ್ ಇದೆ. ಆದರೆ ನಿಮಗೆ ಹತ್ತಿರದ ಧಾರವಾಡದಲ್ಲೇ ಸಿಎಂಡಿಆರ್ ಎಂಬ ಅಭಿವೃದ್ಧಿ ಸಂಶೋಧನಾ ಕೇಂದ್ರ ಇದೆ, ಅಲ್ಲೂ ವಿಚಾರಿಸಿ. ಜನವರಿ, ಫೆಬ್ರವರಿಯಲ್ಲೇ ಶುರು ಮಾಡಿ, ಏಪ್ರಿಲ್‌ವರೆಗೆ ಕಾಯಬೇಡಿ.

ಅರ್ಜಿಯ ಪತ್ರದಲ್ಲಿ 'ದೇಶಸೇವೆ ಮಾಡುವ ಆಸೆ' ಎಂದು ಬರೆಯಬೇಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ನಿಮ್ಮ ಊರಿನ ಒಂದೇ ವಿಷಯ ತಗೊಳ್ಳಿ. ಭದ್ರಾ ನಾಲೆಯ ಕೊನೆಯ ಹೊಲಗಳಿಗೆ ನೀರು ಯಾಕೆ ತಲುಪುವುದಿಲ್ಲ ಎನ್ನುವುದು ನಿಮ್ಮ ಕಡೆಯ ರೈತರ ದಿನದ ಮಾತು. ಒಂದು ಭಾನುವಾರ ಹೋಗಿ ಹತ್ತು ಜನರನ್ನು ಕೇಳಿ, ಅವರು ಹೇಳಿದ್ದನ್ನು ಅರ್ಧ ಪುಟ ಬರೆಯಿರಿ. ನೀರು ಬಂದ ಹೊಲದವರನ್ನೂ ಕೇಳಿ, ಬಾರದ ಹೊಲದವರನ್ನೂ ಕೇಳಿ. ಬರೆದ ಮೇಲೆ ಇಲ್ಲಿ ಹಾಕಿದರೆ ನಾನು ಓದಿ ಹೇಳುತ್ತೇನೆ.