ಇಸ್ರೋ ರಾಕೆಟ್‌ಗಳ ಮಾದರಿಯನ್ನು ಮನೆಯಲ್ಲೇ ಮಾಡಬಹುದಾ? ಕಿಟ್ ಬೇಕೇ ಬೇಕಾ?

ಕಿಟ್ ಇಲ್ಲದೆ ಖಂಡಿತ ಮಾಡಬಹುದು. ನನ್ನ ಮೇಜಿನ ಮೇಲಿರುವ, ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಮಾದರಿ ಶುರುವಾಗಿದ್ದು ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪಿನಿಂದ. ಅಮೆರಿಕದ ಚಂದ್ರಯಾತ್ರೆಯ ರಾಕೆಟ್ ಸ್ಯಾಟರ್ನ್ 5 ಇಷ್ಟವಾದರೆ ಅದಕ್ಕೆ 1:144, 1:96 ಸ್ಕೇಲಿನ (ಅಂದರೆ ನಿಜವಾದದ್ದಕ್ಕಿಂತ 144 ಅಥವಾ 96 ಪಟ್ಟು ಚಿಕ್ಕದಾದ) ಪ್ಲಾಸ್ಟಿಕ್ ಕಿಟ್‌ಗಳಿವೆ. 1:96 ಆದರೆ ಒಂದು ಮೀಟರಿಗಿಂತ ಎತ್ತರ ಬರುತ್ತದೆ, ಇಡೋಕೆ ಜಾಗ ಮೊದಲೇ ನೋಡಿಕೊಳ್ಳಿ. ಆದರೆ ನೀವು ಕೇಳಿದ್ದು ನಮ್ಮ ರಾಕೆಟ್ ಬಗ್ಗೆ. ಪಿಎಸ್‌ಎಲ್‌ವಿಯಿಂದಲೇ ಶುರು ಮಾಡಿ.

ಮೊದಲು ಸ್ಕೇಲ್. ಜಾಸ್ತಿ ಜನ 1:100 ಅಂತ ಲೆಕ್ಕ ಹಾಕಿ, ಆಮೇಲೆ 28 ಮಿ.ಮೀ. ಪೈಪ್ ಹುಡುಕಿಕೊಂಡು ಅಲೆಯುತ್ತಾರೆ. ನೀವು ಸಿಗುವ ಪೈಪಿನಿಂದಲೇ ಲೆಕ್ಕ ಶುರು ಮಾಡಿ. ರಾಕೆಟ್ಟಿನ ಮೊದಲ ಹಂತ 2.8 ಮೀಟರ್ ದಪ್ಪ. ಅಂಗಡಿಯಲ್ಲಿ 40 ಮಿ.ಮೀ. ಹೊರ ಅಳತೆಯ ಪೈಪ್ ಸಿಗುತ್ತದೆ. 2800ನ್ನು 40ರಿಂದ ಭಾಗಿಸಿದರೆ 70. ಅಲ್ಲಿಗೆ ನಿಮ್ಮ ಸ್ಕೇಲ್ 1:70. 44.4 ಮೀಟರಿನ ರಾಕೆಟ್ 63 ಸೆಂ.ಮೀ. ಆಗುತ್ತದೆ, ಶೋಕೇಸಿಗೆ ಹೇಳಿ ಮಾಡಿಸಿದ ಹಾಗೆ. ಪಕ್ಕದ ಬೂಸ್ಟರುಗಳು, ಅಂದರೆ ಮೇಲೇಳುವಾಗ ಹೆಚ್ಚಿನ ತಳ್ಳು ಕೊಡುವ ಸಣ್ಣ ರಾಕೆಟ್‌ಗಳು, ಒಂದು ಮೀಟರ್ ದಪ್ಪ. ಅಂದರೆ ನಿಮಗೆ 14 ಮಿ.ಮೀ. ಬೇಕು. ಡ್ರಾಯಿಂಗ್ ಶೀಟನ್ನು ಅಂಟು ಹಚ್ಚಿ ಕಡ್ಡಿಗೆ ಬಿಗಿಯಾಗಿ ಸುತ್ತಿದರೆ ಸಾಕು.

ತಲೆಯ ಭಾಗ ಮೈಗಿಂತ ದಪ್ಪ, 3.2 ಮೀಟರ್. ಇದನ್ನು ನಾನು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಒಬ್ಬರ ಹತ್ತಿರ ಹಾಲೆ ಮರದಲ್ಲಿ ಕಡೆಸಿಕೊಂಡು ಬಂದೆ. 46 ಮಿ.ಮೀ. ಅಂತ ಚಿತ್ರ ಬರೆದು ಕೊಟ್ಟಿದ್ದೆ. ಲೇತಿನ ಮುಂದೆ ಕೂತು ನೋಡನೋಡುತ್ತಲೇ ಮೂತಿ ಮೂಡಿ ಬಂತು. ಆ ನುಣುಪು ಇವತ್ತಿಗೂ ಕೈಯಲ್ಲಿದೆ.

ಈಗ ಮುಖ್ಯ ವಿಷಯ. ಸುಮ್ನೆ "ಒಂದು ಪಿಎಸ್‌ಎಲ್‌ವಿ" ಮಾಡಬೇಡಿ. ಯಾವುದೋ ಒಂದು ದಿನ ಹಾರಿದ ಒಂದು ರಾಕೆಟ್ಟನ್ನೇ ಮಾಡಿ. ನಾನು ಆರಿಸಿಕೊಂಡಿದ್ದು ಸಿ11, 2008ರ ಅಕ್ಟೋಬರ್ 22ರಂದು ಚಂದ್ರಯಾನ-1ನ್ನು ಹೊತ್ತೊಯ್ದಿದ್ದು. ಪಿಎಸ್‌ಎಲ್‌ವಿಯಲ್ಲೇ ಎಕ್ಸ್‌ಎಲ್ ಅನ್ನುವ ಬಗೆಯ ಮೊದಲ ಹಾರಾಟ ಅದು. ಅದರ ಬೂಸ್ಟರಿನಲ್ಲಿ 9 ಟನ್ ಬದಲು 12 ಟನ್ ಇಂಧನ ಹಿಡಿಯುತ್ತದೆ, ಹಾಗಾಗಿ ಹಿಂದಿನವಕ್ಕಿಂತ ಉದ್ದ. ಕೆಲವು ಪಿಎಸ್‌ಎಲ್‌ವಿಗಳಿಗಂತೂ ಬೂಸ್ಟರೇ ಇರುವುದಿಲ್ಲ. ಯಾವ ಹಾರಾಟ ಅಂತ ಗೊತ್ತಿಲ್ಲದೆ ಅಳತೆ ಹಿಡಿದರೆ ಎಲ್ಲ ಕಲಸುಮೇಲೋಗರ ಆಗುತ್ತದೆ.

ನನ್ನ ಮೊದಲ ಮಾದರಿಯನ್ನು ದಸರಾದಲ್ಲಿ ಬೊಂಬೆಗಳ ಜೊತೆ ಇಟ್ಟಿದ್ದೆವು. ಪಕ್ಕದ ಮನೆಯ ಹುಡುಗಿ ಗೋಡೆಯ ಮೇಲಿನ ಫೋಟೋ ನೋಡಿ, ಮಾದರಿ ನೋಡಿ, "ಅಂಕಲ್, ಫೋಟೋದಲ್ಲಿ ಇನ್ನೂ ಎರಡು ಸಣ್ಣ ಪೈಪ್ ಇವೆಯಲ್ಲ?" ಅಂದಳು. ಹೌದು, ಇದ್ದವು. ಆರು ಬೂಸ್ಟರುಗಳ ನಡುವೆ ಎರಡು ತೆಳ್ಳಗಿನ ಟ್ಯಾಂಕುಗಳು. ಮೊದಲ ಹಂತದಲ್ಲಿ ಉರಿ ಹೊರಬರುವ ನಳಿಗೆ ಅಲ್ಲಾಡುವುದಿಲ್ಲ. ದಿಕ್ಕು ತಿರುಗಿಸಲು ಉರಿಯ ಒಳಕ್ಕೆ ಪಕ್ಕದಿಂದ ಸ್ಟ್ರಾನ್ಷಿಯಂ ಪರ್ಕ್ಲೋರೇಟ್ ದ್ರಾವಣ ಚಿಮ್ಮಿಸುತ್ತಾರೆ. ಅದು ಇರುವುದು ಆ ಟ್ಯಾಂಕುಗಳಲ್ಲಿ. ಆ ಫೋಟೋವನ್ನು ನಾನು ನೂರು ಸಲ ನೋಡಿದ್ದೆ, ಎಣಿಸಿರಲಿಲ್ಲ. ಆ ವಾರವೇ ಎರಡು ಟ್ಯಾಂಕ್ ಸುತ್ತಿ ಅಂಟಿಸಿದೆ. ಅವಳೇ ಬಣ್ಣ ಹಚ್ಚಿದಳು.

ಬಣ್ಣದ ಬಗ್ಗೆ ಒಂದೇ ಮಾತು. ಪಿವಿಸಿ ನುಣುಪು, ಹಾಗೇ ಸ್ಪ್ರೇ ಹೊಡೆದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. 400 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಒಂದು ದಿನ ಬಿಡಿ.

ಇಸ್ರೋ ಉಡಾವಣೆಗಳಿಗೆ ಕಿರುಪುಸ್ತಕ ಹೊರತರುತ್ತದೆ, ಚಿತ್ರ, ಅಳತೆ ಎರಡೂ ಅದರಲ್ಲಿ ಸಿಗುತ್ತವೆ. ಯಾವ ಹಾರಾಟ ಅಂತ ಆರಿಸಿದ ಮೇಲೆ ಇಲ್ಲೇ ಬರೆಯಿರಿ. ಸಿ11 ಆದರೆ ನನ್ನ ನೋಟ್‌ಬುಕ್ಕಿನ ಅಳತೆಗಳನ್ನೆಲ್ಲ ಹಾಕುತ್ತೇನೆ.