ಪ್ರತಿಕ್ರಿಯೆ: ಎರಡು ಬೆರಳಿನ ಸ್ಲಾತ್, ಮೂರು ಬೆರಳಿನ ಸ್ಲಾತ್ ಒಂದೇ ಮನೆಯವಾ?
ವಿಡಿಯೋ ನೋಡಿ ನಿಮ್ಮ ಮಗ ಕೇಳಿದ್ದು ಒಳ್ಳೇ ಪ್ರಶ್ನೆ ಮಾರಾಯ್ರೆ. ಮರದಲ್ಲಿ ನೇತಾಡಿಕೊಂಡು ಬಹಳ ನಿಧಾನವಾಗಿ ಚಲಿಸುವ ಈ ಎರಡು ಬಗೆಯ ಸ್ಲಾತ್ ಪ್ರಾಣಿಗಳು ನೋಡಲು ಅಣ್ಣತಮ್ಮಂದಿರ ಹಾಗಿವೆ, ಆದರೆ ಬಹಳ ದೂರದ ಸಂಬಂಧ. 2019ರಲ್ಲಿ ಹಳೇ ಮೂಳೆಗಳ ಪ್ರೋಟೀನ್ ಮತ್ತು ಡಿಎನ್‌ಎ ಪರೀಕ್ಷಿಸಿದ ಎರಡು ಅಧ್ಯಯನಗಳು ಬಂದವು. ಎರಡು ಬೆರಳಿನದು ಮೈಲೋಡಾನ್ ಎಂಬ, ಅಳಿದುಹೋದ ನೆಲದ ಸ್ಲಾತ್ ಕಡೆಯದು. ಮೂರು ಬೆರಳಿನದು ಮೆಗಾಥೀರಿಯಂ ಕಡೆಯದು. ಈ ಮೆಗಾಥೀರಿಯಂ ದಕ್ಷಿಣ ಅಮೆರಿಕದಲ್ಲಿ ನೆಲದ ಮೇಲೇ ಓಡಾಡಿಕೊಂಡಿದ್ದ, ಸುಮಾರು 4 ಟನ್ ತೂಕದ ಸ್ಲಾತ್; ಅದೂ ಅಳಿದುಹೋಗಿದೆ. ಉಡುಪಿ ರಥಬೀದಿಯಲ್ಲಿ ಆನೆ ನೋಡಿದ್ದೀರಲ್ವಾ, ಅಂಥದ್ದೇ ಗಾತ್ರ! ಅಂದರೆ ಮರದಲ್ಲಿ ತಲೆಕೆಳಗಾಗಿ ನೇತಾಡುವುದನ್ನು ಈಗಿನ ಎರಡು ಬೆರಳಿನದು, ಮೂರು ಬೆರಳಿನದು ಬೇರೆ ಬೇರೆಯಾಗಿಯೇ ರೂಢಿಸಿಕೊಂಡವು.

ಕತ್ತಿನ ಮೂಳೆಯೂ ಬೇರೆ. ನಮಗೆ 7, ಮೂರು ಬೆರಳಿನದಕ್ಕೆ ಸಾಮಾನ್ಯವಾಗಿ 8 ಅಥವಾ 9. ಅದಕ್ಕೇ ಅದು ಕತ್ತು ಅಷ್ಟು ತಿರುಗಿಸುತ್ತದೆ. ಬೆರಳು ಎಣಿಸುವಾಗ ಮುಂಗಾಲು ನೋಡಲು ಹೇಳಿ. ಹಿಂಗಾಲಲ್ಲಿ ಎರಡಕ್ಕೂ ಮೂರೇ.